ನಾನ್‌ಕಿನ್ ಸೋಬಾ, ಮದ್ರಾಸಿ ಹೋಟೆಲು: ರಾಮೆನ್ ಬಟ್ಟಲಿನ ವಲಸೆ ಚರಿತ್ರೆ

ಪುಣೆಯ ಬಾಣೇರ್ ಆಗಲಿ, ಹೈದರಾಬಾದಿನ ಗಚ್ಚಿಬೌಲಿಯಾಗಲಿ, ಐಟಿ ಆಫೀಸುಗಳ ಸುತ್ತ ಈಗ ‘ಏಷ್ಯನ್ ಕಿಚನ್’ ಎಂಬ ಬೋರ್ಡು ಹೊತ್ತ ಹೋಟೆಲುಗಳು ಎದ್ದಿವೆ. ಟೇಬಲ್ಲಿನ ನಡುವೆ ಇಂಡಕ್ಷನ್ ಒಲೆ, ಅದರ ಮೇಲೆ ಕುದಿಯುವ ಸಾರು, ಪಕ್ಕದ ಟೇಬಲ್ಲಿನಲ್ಲಿ ದೊಡ್ಡ ಬಟ್ಟಲಿನಿಂದ ನೂಡಲ್ಸ್ ಎಳೆಯುತ್ತಿರುವ ಹುಡುಗರು. ಮೆನು ಕಾರ್ಡು ನೋಡಿದರೆ ಪ್ರತಿಯೊಂದಕ್ಕೂ ಒಂದು ದೇಶ ಹಂಚಿಕೆಯಾಗಿದೆ. ಹಾಟ್ ಪಾಟ್ ಚೀನಾಕ್ಕೆ, ಕಿಮ್ಚಿ ಕೊರಿಯಾಕ್ಕೆ, ರಾಮೆನ್ ಜಪಾನಿಗೆ. ಕಿಮ್ಚಿಯ ಮಟ್ಟಿಗೆ ಸರಿಯೇ. ಆದರೆ ರಾಮೆನ್ ಜಪಾನಿನದು ಎನ್ನಿಸಿಕೊಳ್ಳಲು ನೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅದು ನಾಲ್ಕು ಹೆಸರು ಬದಲಿಸಿತ್ತು. ಒಂದೊಂದು ಹೆಸರಿನ ಹಿಂದೆಯೂ ಊರು ಬಿಟ್ಟು ಬಂದ ಯಾರೋ ಒಬ್ಬ ಅಡುಗೆಯವನಿದ್ದಾನೆ. ಆ ಹೆಸರುಗಳ ಚರಿತ್ರೆಯನ್ನು ನಮ್ಮಂಥ ವಲಸಿಗರು ಸ್ವಲ್ಪ ನಿಧಾನವಾಗಿ ಓದಬೇಕು ಅಂತ ನನಗನ್ನಿಸುತ್ತದೆ.

1859ರಲ್ಲಿ ಜಪಾನ್ ತನ್ನ ಯೊಕೊಹಾಮಾ ಬಂದರನ್ನು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಇಂಗ್ಲಿಷ್, ಅಮೆರಿಕನ್ ವರ್ತಕರು ಹಡಗು ಇಳಿದರು. ಅವರ ಬೆನ್ನಿಗೆ ಚೀನೀಯರೂ ಇಳಿದರು. ಬಿಳಿಯರಿಗೆ ಜಪಾನಿ ಬಾರದು, ಜಪಾನೀಯರಿಗೆ ಇಂಗ್ಲಿಷ್ ಬಾರದು. ಚೀನೀಯ ಗುಮಾಸ್ತನಿಗೆ ಇಂಗ್ಲಿಷ್ ಅಷ್ಟಿಷ್ಟು ಗೊತ್ತು. ಜಪಾನೀಯರ ಜೊತೆ ಮಾತಾಡಲು ಬಾರದಿದ್ದರೂ ಚೀನೀ ಅಕ್ಷರ ಬರೆದು ತೋರಿಸಿದರೆ ಅವರಿಗೆ ಅರ್ಥವಾಗುತ್ತಿತ್ತು. ಹಾಗಾಗಿ ಲೆಕ್ಕ ಬರೆಯುವವರು, ದಲ್ಲಾಳಿಗಳು ಮೊದಲು ಬಂದರು. ಆಮೇಲೆ ದರ್ಜಿಗಳು, ಕ್ಷೌರಿಕರು, ಅಡುಗೆಯವರು ಬಂದು ಬಂದರಿನ ಪಕ್ಕದಲ್ಲೇ ಒಂದು ಕೇರಿಯಾಯಿತು.

ಜಪಾನೀಯರು ಆ ಕೇರಿಗೆ ನಾನ್‌ಕಿನ್‌ಮಾಚಿ, ಅಂದರೆ ನಾನ್‌ಜಿಂಗ್ ಪೇಟೆ ಎಂದು ಹೆಸರಿಟ್ಟರು. ಅಲ್ಲಿದ್ದವರಲ್ಲಿ ಹೆಚ್ಚಿನವರು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ನಾನ್‌ಜಿಂಗ್ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ. ಮಾತು ಬೇರೆ, ಊಟ ಬೇರೆ. ಆದರೂ ಚೀನಾದಿಂದ ಬಂದವನೆಲ್ಲ ನಾನ್‌ಕಿನ್‌ನವನೇ. ದೆಹಲಿಯ ಕರೋಲ್‌ಬಾಗಿನಲ್ಲಿ ರೂಮು ಹುಡುಕಿದ ಯಾವ ಧಾರವಾಡದ ಹುಡುಗನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಂಧ್ಯದ ಕೆಳಗಿನಿಂದ ಬಂದವನೆಲ್ಲ ಮದ್ರಾಸಿ, ಅವನು ತಿನ್ನುವುದೆಲ್ಲ ಮದ್ರಾಸಿ ಖಾನಾ. ಯೊಕೊಹಾಮಾದ ಆ ಕೇರಿಯಲ್ಲಿ ಸಾರಿನಲ್ಲಿ ಮುಳುಗಿಸಿ ಕೊಡುತ್ತಿದ್ದ ಗೋಧಿ ನೂಡಲ್ಸಿಗೂ ಅದೇ ಲೆಕ್ಕದಲ್ಲಿ ‘ನಾನ್‌ಕಿನ್ ಸೋಬಾ’ ಎಂಬ ಹೆಸರು ಬಿತ್ತು. ಸೋಬಾ ಎಂದರೆ ಜಪಾನೀಯರ ಹಳೆಯ ಹುರುಳಿ ಬಣ್ಣದ ಎಳೆ, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನದು. ಗೊತ್ತಿಲ್ಲದ ತಿಂಡಿಗೆ ಗೊತ್ತಿರುವ ತಿಂಡಿಯ ಹೆಸರು ಅಂಟಿಸಿ, ಮುಂದೆ ಪರದೇಶದ ಒಂದು ಊರಿನ ಹೆಸರು ಸೇರಿಸಿದ್ದು ಅಷ್ಟೇ. ರಾಮೆನ್‌ನ ಮೊದಲ ಹೆಸರು ಇದು.

ಆ ಎಳೆಯ ಗುಟ್ಟು ಇರುವುದು ಕ್ಷಾರದಲ್ಲಿ. ಜಪಾನಿಯಲ್ಲಿ ಕಾನ್ಸುಯಿ ಎನ್ನುವ ಕ್ಷಾರದ ನೀರಿನಲ್ಲಿ, ಅಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆತ ನೀರಿನಲ್ಲಿ, ಗೋಧಿಹಿಟ್ಟು ಕಲಸುತ್ತಾರೆ. ಹಿಟ್ಟು ಹಳದಿಗೆ ತಿರುಗುತ್ತದೆ. ಎಳೆಗೆ ರಬ್ಬರಿನಂಥ ಬಿಗಿ ಬರುತ್ತದೆ, ಬಿಸಿ ಸಾರಿನಲ್ಲಿ ಕೂತರೂ ಬೇಗ ಮೆತ್ತಗಾಗುವುದಿಲ್ಲ. ಮನೆಯಲ್ಲಿ ಹಪ್ಪಳದ ಹಿಟ್ಟಿಗೆ ಪಾಪಡ್ ಖಾರ್ ಹಾಕಿ ಕುಟ್ಟುವುದನ್ನು ನೋಡಿದವರಿಗೆ ಈ ವಿದ್ಯೆ ಪೂರ್ತಿ ಹೊಸದೇನಲ್ಲ. ಜಪಾನೀಯರ ಉಡೋನ್, ಸೋಬಾಗಳಲ್ಲಿ ಈ ಕ್ಷಾರವಿಲ್ಲ. ಅವುಗಳ ಸಾರು ಒಣಮೀನು, ಸಮುದ್ರ ಪಾಚಿಗಳದ್ದು. ನಾನ್‌ಕಿನ್ ಸೋಬಾದ ಸಾರು ಹಂದಿ, ಕೋಳಿಯ ಮೂಳೆಗಳದ್ದು. ಮೀಜಿ ಕಾಲಕ್ಕೆ ಮೊದಲು ಜಪಾನಿನ ಬಹುಪಾಲು ಜನ ನಾಲ್ಕು ಕಾಲಿನ ಪ್ರಾಣಿಗಳ ಮಾಂಸದಿಂದ ದೂರವಿದ್ದವರು. ಹಾಗಾಗಿ ಮೂಳೆ ಬೇಯುವ ವಾಸನೆ ಕೂಡ ಪರಕೀಯವೇ.

1910ರಲ್ಲಿ ಒಜಾಕಿ ಕಾನ್ಇಚಿ ಎಂಬ ಜಪಾನಿ ಟೋಕಿಯೋದ ಅಸಾಕುಸಾದಲ್ಲಿ ‘ರಾಯ್‌ರಾಯ್‌ಕೆನ್’ ಎಂಬ ಹೋಟೆಲು ತೆರೆದರು. ಯೊಕೊಹಾಮಾ ಸುಂಕದ ಕಟ್ಟೆಯಲ್ಲಿ ನೌಕರಿ ಮಾಡಿದವರು, ನಾನ್‌ಕಿನ್‌ಮಾಚಿಯ ರುಚಿ ಬಲ್ಲವರು. ಹೋಟೆಲಿನ ಹೆಸರಿನ ಮೊದಲ ಭಾಗಕ್ಕೆ ‘ಬನ್ನಿ ಬನ್ನಿ’ ಎಂಬ ಅರ್ಥ. ಅಡುಗೆಯವರನ್ನು ಅದೇ ಚೀನೀ ಕೇರಿಯಿಂದ ಕರೆತಂದರು. ಬಂಡವಾಳ ಜಪಾನಿನದು, ಕೈ ಗ್ವಾಂಗ್‌ಡಾಂಗಿನದು, ಸಾರಿಗೆ ಬಿದ್ದ ಸೋಯಾ ಸಾಸ್ ಟೋಕಿಯೋ ನಾಲಿಗೆಗೆ ಹೊಂದುವಂಥದ್ದು. ಅಸಾಕುಸಾ ಆಗ ನಾಟಕ, ಸಿನಿಮಾಗಳ ಪೇಟೆ. ಹಬ್ಬದ ದಿನಗಳಲ್ಲಿ ಜನ ಮುಗಿಬಿದ್ದರು. ರಾಮೆನ್ ಚರಿತ್ರೆ ಬರೆಯುವವರೆಲ್ಲ ಈ ಹೋಟೆಲಿನಿಂದ ಶುರು ಮಾಡುತ್ತಾರೆ, ಒಜಾಕಿಯವರ ಹೆಸರು ತಪ್ಪದೆ ಹೇಳುತ್ತಾರೆ. ಒಲೆಯ ಮುಂದೆ ನಿಂತವರು ಸಾಮಾನ್ಯವಾಗಿ ‘ಚೀನೀ ಅಡುಗೆಯವರು’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾರೆ. ಈ ಹೊತ್ತಿಗೆ ಹೆಸರು ಕೂಡ ಬದಲಾಗುತ್ತಿತ್ತು. ನಾನ್‌ಕಿನ್ ಹೋಗಿ ‘ಶಿನಾ ಸೋಬಾ’ ಆಯಿತು. ಶಿನಾ ಎಂದರೆ ಚೀನಾ. ಶಬ್ದದಲ್ಲಿ ತಪ್ಪೇನಿಲ್ಲ, ಅದರ ಮೂಲ ನಮ್ಮ ಸಂಸ್ಕೃತದ ‘ಚೀನ’ವೇ ಅನ್ನುತ್ತಾರೆ. ಆದರೆ 1895ರಲ್ಲಿ ಚೀನಾವನ್ನು ಯುದ್ಧದಲ್ಲಿ ಸೋಲಿಸಿದ ಮೇಲೆ ಜಪಾನೀಯರ ಬಾಯಲ್ಲಿ ಆ ಶಬ್ದಕ್ಕೆ ಒಂದು ತಾತ್ಸಾರ ಸೇರಿಕೊಂಡಿತ್ತು.

1923ರ ಸೆಪ್ಟೆಂಬರ್ 1ರ ಮಧ್ಯಾಹ್ನ, ಒಲೆಗಳು ಉರಿಯುವ ಹೊತ್ತಿಗೆ, ಮಹಾ ಕಾಂತೋ ಭೂಕಂಪ ಬಡಿಯಿತು. ಟೋಕಿಯೋ, ಯೊಕೊಹಾಮಾ ಎರಡೂ ಸುಟ್ಟುಹೋದವು. ಸತ್ತವರು ಲಕ್ಷದ ಮೇಲೆ. ಆಮೇಲೆ ನಡೆದದ್ದು ಭೂಮಿಯ ಕೆಲಸವಲ್ಲ, ಮನುಷ್ಯರದ್ದು. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುಳ್ಳು ಸುದ್ದಿ ಹಬ್ಬಿ ಗುಂಪುಗಳು ಸಾವಿರಾರು ಕೊರಿಯನ್ನರನ್ನು ಕೊಂದವು. ಟೋಕಿಯೋದ ಓಜಿಮಾದಲ್ಲಿ ನೂರಾರು ಚೀನೀ ಕೂಲಿಗಳ ಕೊಲೆಯಾಯಿತು. ಹೆಚ್ಚಿನವರು ಝೆಜಿಯಾಂಗ್ ಪ್ರಾಂತ್ಯದ ವೆಂಜೋ ಕಡೆಯವರು. ಆ ಕೂಲಿಗಳಿಗಾಗಿ ದುಡಿಯುತ್ತಿದ್ದ ವಾಂಗ್ ಶಿತಿಯಾನ್ ಎಂಬ ಚೀನೀ ವಿದ್ಯಾರ್ಥಿ ನಾಯಕ ಅವರ ಗತಿ ಏನಾಯಿತೆಂದು ವಿಚಾರಿಸಲು ಹೋದಾಗ ಸೈನಿಕ ಅಧಿಕಾರಿಯೊಬ್ಬ ಆತನನ್ನೂ ಕೊಂದ. ಅಸಾಕುಸಾದಲ್ಲಿ ಸಾಲುಗಟ್ಟಿ ಶಿನಾ ಸೋಬಾ ತಿಂದ ಊರೇ ಇದು. ತಿಂಡಿ ಇಷ್ಟವಾಗುವುದಕ್ಕೂ ತಿಂಡಿ ಮಾಡಿದವನು ಇಷ್ಟವಾಗುವುದಕ್ಕೂ ಸಂಬಂಧವಿರಲೇಬೇಕೆಂದೇನಿಲ್ಲ.

ನಾವು ಜಪಾನಿನ ಕಡೆ ಬೆರಳು ತೋರಿಸಿ ಸುಮ್ಮನಾಗುವ ಹಾಗೂ ಇಲ್ಲ. 1962ರ ಯುದ್ಧದ ಮೇಲೆ ಭಾರತ ಸರ್ಕಾರ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲಿಗೆ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿತು. ಅವರಲ್ಲಿ ಎಷ್ಟೋ ಮಂದಿ ಇಲ್ಲೇ ಹುಟ್ಟಿದವರು, ಮಕ್ಕಳೂ ಇದ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಕಳೆದರು. ಅದಾಗಿ ಹನ್ನೆರಡು ಹದಿಮೂರು ವರ್ಷಕ್ಕೆ ಕಲ್ಕತ್ತದ ಚೀನೀ ಮನೆತನದ ನೆಲ್ಸನ್ ವಾಂಗ್ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರು. ಕೋಳಿಯ ಜಾಗದಲ್ಲಿ ಹೂಕೋಸು ಬಂದು ಅದು ಗೋಬಿ ಮಂಚೂರಿಯಾಗಿ, ಕರ್ನಾಟಕದ ಪ್ರತಿ ಬಸ್‌ಸ್ಟ್ಯಾಂಡಿನ ತಳ್ಳುಗಾಡಿಗೆ ಬಂದು ನಿಂತಿದ್ದು ನಮಗೆಲ್ಲ ಗೊತ್ತು. ದೇವಲಿಯ ಸುದ್ದಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮತ್ತೆ 1923ಕ್ಕೆ. ಭೂಕಂಪದಲ್ಲಿ ಕೆಲಸ, ಕೇರಿ ಎರಡೂ ಕಳೆದುಕೊಂಡ ಅಡುಗೆಯವರು ಜಪಾನಿನ ಬೇರೆ ಬೇರೆ ಊರುಗಳಿಗೆ ಚದುರಿದರು. ಟೋಕಿಯೋದಲ್ಲಿ ಅಂಗಡಿ ಕಟ್ಟಲು ಹಣವಿಲ್ಲದವರು ತಳ್ಳುಗಾಡಿ ಹೊರಡಿಸಿದರು. ರಾತ್ರಿ ಹೊತ್ತು ಗಾಡಿ ಬಂತೆಂದು ತಿಳಿಸಲು ಚಾರುಮೆರಾ ಎಂಬ ಪೀಪಿ ಊದುತ್ತಿದ್ದರು. ಹೆಸರು ಪೋರ್ಚುಗೀಸರಿಂದ ಬಂದದ್ದು, ವಾದ್ಯ ನಮ್ಮ ಓಲಗದ ದೂರದ ನೆಂಟ.

ಈ ಕಾಲದ ಎರಡು ಊರುಗಳ ಕತೆ ನನಗೆ ಬಹಳ ಇಷ್ಟ. ಒಂದು, ಉತ್ತರದ ಚಳಿಯ ನಾಡು ಹೊಕ್ಕಾಯ್ಡೋದ ಸಪ್ಪೊರೊ. ಭೂಕಂಪದ ಹಿಂದಿನ ವರ್ಷ, 1922ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಹತ್ತಿರ ‘ತಾಕೆಯಾ’ ಎಂಬ ಹೋಟೆಲು ಶುರುವಾಗಿತ್ತು. ನಡೆಸುತ್ತಿದ್ದವರು ಜಪಾನಿ ದಂಪತಿ, ಅಡುಗೆಗೆ ಶಾಂಡಾಂಗ್ ಪ್ರಾಂತ್ಯದ ವಾಂಗ್ ವೆನ್‌ಚಾಯ್. ಗಿರಾಕಿಗಳಲ್ಲಿ ಚೀನಾದಿಂದ ಓದಲು ಬಂದ ವಿದ್ಯಾರ್ಥಿಗಳೂ ಇದ್ದರು. ಜಪಾನಿ ಹುಡುಗರು ನೂಡಲ್ಸ್ ಆರ್ಡರ್ ಮಾಡುವಾಗ ಚೀನೀಯರನ್ನು ಹಂಗಿಸುವ ಒಂದು ಬೈಗುಳ ಸೇರಿಸಿಯೇ ಕೂಗುತ್ತಿದ್ದರಂತೆ. ಒಳಗೆ ವಾಂಗ್, ಹೊರಗೆ ಆ ವಿದ್ಯಾರ್ಥಿಗಳು, ಎಲ್ಲರ ಕಿವಿಗೂ ಅದು ಬೀಳುತ್ತಿತ್ತು. ಮನೆಯೊಡತಿ ತಾತ್ಸು ಅವರಿಗೆ ಇದು ಸಹಿಸಲಿಲ್ಲ. ತಿಂಡಿ ತಯಾರಾದಾಗ ವಾಂಗ್ ‘ಹಾವ್ ಲಾ’, ಅಂದರೆ ‘ಆಯ್ತು’, ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಜಪಾನಿಯಲ್ಲಿ ‘ಲ’ಕಾರವಿಲ್ಲ, ಅದು ‘ರ’ ಆಗುತ್ತದೆ. ಆ ‘ರಾ’ಗೆ ನೂಡಲ್ಸ್ ಎಂಬ ಅರ್ಥದ ‘ಮೆನ್’ ಸೇರಿಸಿ ಮೆನುವಿನಲ್ಲಿ ‘ರಾಮೆನ್’ ಎಂದು ಬರೆಸಿದರು, ಬೈಗುಳದ ಹೆಸರಿಗೆ ಜಾಗವಿಲ್ಲದಂತೆ ಮಾಡಿದರು ಎಂದು ಆ ಊರು ಹೇಳುತ್ತದೆ. ಭಾಷಾ ಪಂಡಿತರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಕೈಯಿಂದ ಎಳೆದು ಮಾಡುವ ಚೀನೀ ನೂಡಲ್ಸ್ ‘ಲಾಮಿಯಾನ್’, ಅದರಿಂದಲೇ ರಾಮೆನ್ ಬಂತು ಎನ್ನುತ್ತಾರೆ. ಪಂಡಿತರದ್ದೇ ನಿಜವಿದ್ದೀತು. ಆದರೆ ಅಡುಗೆಯವನಿಗೆ ಅವಮಾನವಾಗಬಾರದೆಂದು ತಿಂಡಿಯ ಹೆಸರು ಬದಲಿಸಿದ ಕತೆ ಒಂದು ಊರಿನಲ್ಲಿ ಉಳಿದುಬಂದಿದೆಯಲ್ಲ, ಅದು ಸಣ್ಣದಲ್ಲ.

ಇನ್ನೊಂದು ಊರು ಫುಕುಶಿಮಾ ಪ್ರಾಂತ್ಯದ ಕಿತಾಕಾತಾ, ಬೆಟ್ಟಗಳ ನಡುವಿನ ಪುಟ್ಟ ಪೇಟೆ. 1920ರ ದಶಕದಲ್ಲಿ ಝೆಜಿಯಾಂಗಿನಿಂದ ಪಾನ್ ಚಿನ್‌ಶಿಂಗ್ ಎಂಬ ಹುಡುಗ ಅಲ್ಲಿನ ಗಣಿಯಲ್ಲಿದ್ದ ಚಿಕ್ಕಪ್ಪನನ್ನು ನಂಬಿಕೊಂಡು ಬಂದ. ಗಣಿಯಲ್ಲಿ ಕೆಲಸ ಆಗಲಿಲ್ಲ. ಹೊಟ್ಟೆಪಾಡಿಗೆ ಊರಿನ ನೂಡಲ್ಸ್ ನೆನಪು ಮಾಡಿಕೊಂಡು ಹಿಟ್ಟು ಕಲಸಿ, ಗಾಡಿ ತಳ್ಳಿ, ಪೀಪಿ ಊದಿದ. ಆಮೇಲೆ ಅದು ಗೆನ್‌ರಾಯ್‌ಕೆನ್ ಎಂಬ ಅಂಗಡಿಯಾಯಿತು. ಅವನ ಕೈಕೆಳಗೆ ಕಲಿತವರು ತಮ್ಮ ಅಂಗಡಿ ತೆರೆದರು. ಇವತ್ತು ಕಿತಾಕಾತಾ ಎಂದರೆ ಜಪಾನಿನ ಮೂರು ದೊಡ್ಡ ರಾಮೆನ್ ಊರುಗಳಲ್ಲಿ ಒಂದು. ಬೆಳಿಗ್ಗೆಯ ತಿಂಡಿಗೇ ರಾಮೆನ್ ತಿನ್ನುವ ಊರು. ಚಿಕ್ಕಪ್ಪನ ವಿಳಾಸ ಹಿಡಿದು ಹೊರಟು, ಬೇರೇನೂ ಸಿಗದೆ ಅಡುಗೆಗೆ ನಿಂತ ಹುಡುಗ! ಕುಂದಾಪುರ, ಕಾರ್ಕಳ, ಉಡುಪಿ ಸೀಮೆಯಿಂದ ಇದೇ ಕಾಲದಲ್ಲಿ ಬೊಂಬಾಯಿಗೆ ಹಡಗು ಹತ್ತಿದ ಹುಡುಗರ ಕತೆಯೂ ಇಷ್ಟೇ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರಲ್ಲಿ ಕೆಲವರು ಗಲ್ಲಾಪೆಟ್ಟಿಗೆಯವರೆಗೆ ಬಂದರು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆ ಹಾಕುತ್ತದೆ. ಒಂದು ವ್ಯತ್ಯಾಸವನ್ನಂತೂ ಹೇಳಬೇಕು. ಮುಂಬಯಿಯಲ್ಲಿ ನಮ್ಮವರು ತಮ್ಮ ಊರಿನ ಹೆಸರನ್ನು ತಾವೇ ಬೋರ್ಡಿನ ಮೇಲೆ ಬರೆದರು. ನಾನ್‌ಕಿನ್ ಸೋಬಾ ಮಾಡಿದವರಿಗೆ ಆ ಅವಕಾಶ ಸಿಗಲಿಲ್ಲ, ಅವರ ತಿಂಡಿಯ ಹೆಸರನ್ನು ತಿನ್ನುವವರು ಇಟ್ಟರು.

ಮೂರನೆಯ ಹೆಸರು ಸರ್ಕಾರಿ ಕಾಗದದಿಂದ ಬಂತು. 1945ರಲ್ಲಿ ಜಪಾನ್ ಸೋತಿತು, ಚೀನಾ ಗೆದ್ದ ಪಕ್ಷದಲ್ಲಿತ್ತು. 1946ರ ಜೂನಿನಲ್ಲಿ ಜಪಾನಿನ ವಿದೇಶಾಂಗ ಇಲಾಖೆ ‘ಶಿನಾ’ ಶಬ್ದ ಬಳಸಬೇಡಿ ಎಂದು ಸುತ್ತೋಲೆ ಹೊರಡಿಸಿತು. ಪತ್ರಿಕೆಗಳು, ಕಚೇರಿಗಳು, ಕೊನೆಗೆ ನೂಡಲ್ಸ್ ಅಂಗಡಿಗಳೂ ಬೋರ್ಡು ಬದಲಿಸಿದವು: ‘ಚೂಕಾ ಸೋಬಾ’. ಚೂಕಾ ಎಂಬುದು ಚೀನೀಯರು ತಮ್ಮನ್ನು ಕರೆದುಕೊಳ್ಳುವ ಗೌರವದ ಶಬ್ದ. ಅರ್ಧ ಶತಮಾನದ ತಾತ್ಸಾರ ಸುತ್ತೋಲೆಯಿಂದ ಹೋಗುವುದಿಲ್ಲ ಅನ್ನುವುದು ಬೇರೆ ಮಾತು.

ಆ ವರ್ಷಗಳಲ್ಲಿ ಹೆಸರಿಗಿಂತ ದೊಡ್ಡ ಚಿಂತೆ ಹಿಟ್ಟಿನದು. 1945ರ ಭತ್ತದ ಬೆಳೆ ಕೈಕೊಟ್ಟಿತ್ತು. ಕೊರಿಯಾ, ತೈವಾನ್ ಕೈತಪ್ಪಿದ್ದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ನಿಂತಿತು. ಅಮೆರಿಕದ ಸೈನ್ಯಾಡಳಿತ ಗೋಧಿ ತರಿಸಿತು. ಅದು ಬ್ರೆಡ್ಡಿಗೆಂದು ಬಂದದ್ದು. ಒಂದಿಷ್ಟು ಕಾಳಸಂತೆಗೆ ಸೋರಿ ರಾತ್ರಿಯ ಗಾಡಿಗಳಲ್ಲಿ ನೂಡಲ್ಸ್ ಆಯಿತು. ಬೀದಿಯಲ್ಲಿ ಊಟ ಮಾರುವುದು ಅಪರಾಧವಾಗಿತ್ತು, ಪೊಲೀಸರು ಹಿಡಿಯುತ್ತಿದ್ದರು. ಆದರೂ ಮಾರುವವರು ಮಾರಿದರು, ತಿನ್ನುವವರು ತಿಂದರು. 1954ರಲ್ಲಿ ಅಮೆರಿಕ ಪಿಎಲ್-480 ಕಾನೂನು ಮಾಡಿತು. ಮುಂದಿನ ವರ್ಷ ಜಪಾನ್, ಅದರ ಮುಂದಿನ ವರ್ಷ ಭಾರತ ಅದಕ್ಕೆ ಸಹಿ ಹಾಕಿದವು. ರೇಷನ್ ಅಂಗಡಿಯ ಅಮೆರಿಕನ್ ಕೆಂಪು ಗೋಧಿಯ ಬಗ್ಗೆ ಮನೆಯ ಹಿರಿಯರು ಗೊಣಗಿದ್ದು ಕೇಳಿದ್ದೀರಲ್ಲ, ಅದರ ದಾಯಾದಿ ಗೋಧಿಯೇ ಒಸಾಕಾದ ಬಟ್ಟಲಿಗೂ ಹೋಯಿತು.

ಈ ಸಲ ಗಾಡಿ ತಳ್ಳಿದವರು ಚೀನೀಯರಷ್ಟೇ ಅಲ್ಲ. ಕುಸಿದ ಸಾಮ್ರಾಜ್ಯದ ಮೂಲೆಗಳಿಂದ ಬರಿಗೈಯಲ್ಲಿ ಮರಳಿದ ಲಕ್ಷಾಂತರ ಜಪಾನೀಯರಲ್ಲೂ ಎಷ್ಟೋ ಮಂದಿ ಈ ಕೆಲಸ ಹಿಡಿದರು. ಸಪ್ಪೊರೊದಲ್ಲಿ ಮಿಸೋ ರಾಮೆನ್ ಹುಟ್ಟಿಸಿದ ಒಮಿಯಾ ಮೊರಿತೊ ಮಂಚೂರಿಯಾದ ರೈಲ್ವೆಯಲ್ಲಿದ್ದು ಹಿಂತಿರುಗಿದವರು. ನಮ್ಮ ಗೋಬಿಯ ಹಿಂದೆ ಬಾಲದಂತೆ ಅಂಟಿಕೊಂಡಿರುವ ಆ ಮಂಚೂರಿಯಾ ನಿಜವಾದ ಊರು. ಅಲ್ಲಿ ಗೋಬಿ ಮಂಚೂರಿ ಕೇಳಿದರೆ ಸಿಗುವುದಿಲ್ಲ, ಅಷ್ಟೇ.

ಹಾಟ್ ಪಾಟ್ ಬಗ್ಗೆ ಒಂದೆರಡು ಮಾತು, ಅದೂ ಅದೇ ಟೇಬಲ್ಲಿಗೆ ಬರುವುದರಿಂದ. ಕುದಿಯುವ ಪಾತ್ರೆಯ ಸುತ್ತ ಕೂತು ಮಾಂಸ ಅದ್ದಿ ತಿನ್ನುವ ಪದ್ಧತಿ ಚೀನಾದಲ್ಲಿ ಬಹಳ ಹಳೆಯದು. ದಕ್ಷಿಣ ಸಾಂಗ್ ಕಾಲದ ಲಿನ್ ಹಾಂಗ್ ಮೊಲದ ಮಾಂಸವನ್ನು ಹಾಗೆ ತಿಂದದ್ದನ್ನು ಬರೆದಿಟ್ಟಿದ್ದಾನೆ. ಆದರೆ ಇವತ್ತು ಕೆಂಪು ಎಣ್ಣೆ ತೇಲಿಸಿಕೊಂಡು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಹಾಕಿಕೊಂಡು ಬರುವ ಪಾತ್ರೆ ಅರಮನೆಯದ್ದಲ್ಲ. ಅದು ಚೋಂಗ್‌ಚಿಂಗ್ ಎಂಬ ನದಿ ಬಂದರಿನ ಹಮಾಲಿಗಳದ್ದು, ದೋಣಿ ಎಳೆಯುವವರದ್ದು. ಕಟುಕರು ಬಿಸಾಡುವ ಬೆಲೆಗೆ ಕೊಡುತ್ತಿದ್ದ ಎಮ್ಮೆ ದನಗಳ ಹೊಟ್ಟೆಯ ಭಾಗಗಳನ್ನು ಖಾರದಲ್ಲಿ ಬೇಯಿಸಿ ವಾಸನೆ ಅಡಗಿಸುತ್ತಿದ್ದರು. ಗುರುತು ಪರಿಚಯವಿಲ್ಲದ ಕೂಲಿಗಳು ಒಂದೇ ಪಾತ್ರೆಯ ಸುತ್ತ ಕೂರುತ್ತಿದ್ದರಿಂದ ಪಾತ್ರೆಯೊಳಗೆ ಚೌಕಗಳ ತಡೆ ಇಟ್ಟು ನಿನ್ನ ಮನೆ ಇದು, ನನ್ನ ಮನೆ ಇದು ಎಂದು ಹಂಚುತ್ತಿದ್ದರು. ಒಲೆ ಒಂದು, ಸಾರು ಒಂದು, ಲೆಕ್ಕ ಬೇರೆ ಬೇರೆ. ಪಿ.ಜಿ.ಯಲ್ಲಿ ಫ್ರಿಜ್ ಹಂಚಿಕೊಂಡವರಿಗೆ ಇದೂ ಪರಿಚಿತವೇ.

1937ರಲ್ಲಿ ಜಪಾನಿನ ಸೇನೆ ನುಗ್ಗಿದಾಗ ಚೀನೀ ಸರ್ಕಾರ ನಾನ್‌ಜಿಂಗ್ ಬಿಟ್ಟು ಚೋಂಗ್‌ಚಿಂಗಿಗೆ ಹೋಯಿತು. ಜೊತೆಗೆ ಕಾರ್ಖಾನೆಗಳು, ಕಾಲೇಜುಗಳು, ಕರಾವಳಿಯ ಲಕ್ಷಾಂತರ ನಿರಾಶ್ರಿತರು. ಕೂಲಿಗಳ ಪಾತ್ರೆಗೆ ಆಫೀಸರರೂ ಪ್ರೊಫೆಸರರೂ ಚಾಪ್‌ಸ್ಟಿಕ್ ಇಳಿಸಿದ್ದು ಆ ವರ್ಷಗಳಲ್ಲಿ, ಮೇಲಿಂದ ಜಪಾನಿ ವಿಮಾನಗಳು ಬಾಂಬು ಹಾಕುತ್ತಿದ್ದಾಗ. ಅದೇ ಹೊತ್ತಿಗೆ ಜಪಾನಿನ ಹಿಡಿತದಲ್ಲಿದ್ದ ಬೀಜಿಂಗಿನಲ್ಲಿ ಯೋಶಿದಾ ಶೋಯಾ ಎಂಬ ಜಪಾನಿ ಸೇನಾ ವೈದ್ಯರು ಅಲ್ಲಿನ ಮುಸ್ಲಿಮರ ಕುರಿಮಾಂಸದ ಹಾಟ್ ಪಾಟ್ ರುಚಿ ನೋಡಿದ್ದರು. ಯುದ್ಧ ಮುಗಿದ ಮೇಲೆ ಅದನ್ನು ಕ್ಯೋಟೋದ ಒಂದು ಹೋಟೆಲಿಗೆ ಹೇಳಿಕೊಟ್ಟರು, ಕುರಿ ಹೋಗಿ ದನದ ಮಾಂಸ ಬಂತು. 1952ರಲ್ಲಿ ಒಸಾಕಾದ ಸುಯೆಹಿರೊ ಹೋಟೆಲು ಅದಕ್ಕೆ ‘ಶಾಬು ಶಾಬು’ ಎಂದು ಹೆಸರಿಟ್ಟಿತು. ನೀರಿನಲ್ಲಿ ಜಾಲಾಡಿಸುವ ಸದ್ದು ಅದು, ನಮ್ಮ ‘ಜಳಜಳ’ದ ಹಾಗೆ. ಸದ್ದಿಗೆ ಊರು ಕೇರಿ ಇಲ್ಲ. ಬೀಜಿಂಗ್ ಆ ಹೆಸರಿನಿಂದ ಪೂರ್ತಿ ಅಳಿಸಿಹೋಯಿತು.

ಚೂಕಾ ಸೋಬಾವನ್ನು ದೇಶಕ್ಕೆಲ್ಲ ‘ರಾಮೆನ್’ ಮಾಡಿದ್ದು ಮಾತ್ರ ಒಂದು ಪ್ಲಾಸ್ಟಿಕ್ ಪೊಟ್ಟಣ. ಆಂಡೊ ಮೊಮೊಫುಕು ಹುಟ್ಟಿದ್ದು 1910ರಲ್ಲಿ, ರಾಯ್‌ರಾಯ್‌ಕೆನ್ ತೆರೆದ ವರ್ಷವೇ, ಆಗ ಜಪಾನಿನ ವಸಾಹತಾಗಿದ್ದ ತೈವಾನಿನಲ್ಲಿ. ಹುಟ್ಟುಹೆಸರು ಗೋ ಪೆಕ್‌ಹೊಕ್. ಬಟ್ಟೆ ವ್ಯಾಪಾರಕ್ಕೆ ಒಸಾಕಾಗೆ ಬಂದವರು. ಯುದ್ಧ ಮುಗಿದ ಮೇಲೆ ಒಸಾಕಾದ ಕಾಳಸಂತೆಯಲ್ಲಿ ನೂಡಲ್ಸ್ ಗಾಡಿಯ ಮುಂದೆ ಚಳಿಯಲ್ಲಿ ನಿಂತ ಉದ್ದನೆಯ ಸಾಲು ಕಂಡದ್ದನ್ನು ಕೊನೆತನಕ ಹೇಳಿಕೊಂಡರು. 1957ರಲ್ಲಿ ಅವರು ಮುಖ್ಯಸ್ಥರಾಗಿದ್ದ ಸಹಕಾರಿ ಬ್ಯಾಂಕು ಮುಳುಗಿ ಆಸ್ತಿಯೆಲ್ಲ ಹೋಯಿತು. ಇಕೆದಾ ಊರಿನ ಮನೆಯ ಹಿತ್ತಲಲ್ಲಿ ಒಂದು ಗುಡಿಸಲು ಕಟ್ಟಿ, ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ನೀರಿನಂಶ ತೆಗೆಯುವ ವಿಧಾನ ಪಳಗಿಸಿದರು. ಕರಿದಾಗ ಎಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ, ಬಿಸಿನೀರು ಬಿದ್ದರೆ ಅವು ನೀರು ಹೀರಿ ಮತ್ತೆ ಮೆತ್ತಗಾಗುತ್ತವೆ. 1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಒಂದು ಉಂಡೆ ತಾಜಾ ಉಡೋನ್ ಆಗ 6 ಯೆನ್. ಅಂದರೆ ಶುರುವಿನಲ್ಲಿ ಇದು ಬಡವರ ಊಟವಲ್ಲ! ಹೀಗೆ ನೂಡಲ್ಸ್ ಕರಿದವರು ಇವರೊಬ್ಬರೇ ಅಲ್ಲ. ತೈವಾನ್ ಮೂಲದ ಇನ್ನೊಬ್ಬರು, ಜಾಂಗ್ ಗುವೋವೆನ್, ಅದೇ ಕಾಲಕ್ಕೆ ತಮ್ಮ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆಂಡೊ ಆ ಹಕ್ಕನ್ನು 1961ರಲ್ಲಿ ಹಣ ಕೊಟ್ಟು ಕೊಂಡರು. ಕಂಪನಿಯ ಕತೆಗಳಲ್ಲಿ ಹಿತ್ತಲ ಗುಡಿಸಲು ದೊಡ್ಡದಾಗಿ ಕಾಣುತ್ತದೆ, ಈ ಎರಡನೆಯ ಮನುಷ್ಯ ಅಷ್ಟಾಗಿ ಕಾಣುವುದಿಲ್ಲ.

1971ರಲ್ಲಿ ಕಪ್ ನೂಡಲ್ ಬಂತು. ಮರುವರ್ಷದ ಫೆಬ್ರವರಿಯಲ್ಲಿ ಕರುಯಿಜಾವಾದ ಹಿಮದಲ್ಲಿ ಉಗ್ರಗಾಮಿ ಗುಂಪೊಂದು ಒತ್ತೆಯಾಳನ್ನು ಹಿಡಿದು ಬೆಟ್ಟದ ಬಂಗಲೆಯಲ್ಲಿ ಅಡಗಿತು. ಡಬ್ಬಿಯ ಅನ್ನ ಹೆಪ್ಪುಗಟ್ಟುತ್ತಿದ್ದುದರಿಂದ ಪೊಲೀಸರು ಕಪ್ ನೂಡಲ್ ತಿನ್ನುತ್ತಾ ಕಾದರು, ದೇಶಕ್ಕೆ ದೇಶವೇ ಟಿವಿಯಲ್ಲಿ ಅದನ್ನು ನೋಡಿತು. ಅದಕ್ಕಿಂತ ದೊಡ್ಡ ಜಾಹೀರಾತು ಯಾರಿಂದ ಸಾಧ್ಯ? ಆಂಡೊ 1966ರಲ್ಲಷ್ಟೇ ಜಪಾನಿನ ಪೌರತ್ವ ತೆಗೆದುಕೊಂಡಿದ್ದರು. ಚಿಕನ್ ರಾಮೆನ್ ತಯಾರಿಸಿದಾಗ, ಕಾಗದದ ಲೆಕ್ಕದಲ್ಲಿ, ಅದನ್ನು ಮಾಡಿದವರು ಜಪಾನೀಯರಾಗಿರಲಿಲ್ಲ.

ಇವತ್ತು ಜಗತ್ತು ವರ್ಷಕ್ಕೆ 12,000 ಕೋಟಿಗೂ ಮಿಕ್ಕಿ ಇನ್‌ಸ್ಟಂಟ್ ನೂಡಲ್ಸ್ ತಿನ್ನುತ್ತದೆ. ಭಾರತದಲ್ಲಿ 1983ರಿಂದಲೇ ಇದ್ದ ಮ್ಯಾಗಿಯ ಎದುರಿಗೆ 1991ರಲ್ಲಿ ಆಂಡೊ ಅವರ ಕಂಪನಿಯೇ ‘ಟಾಪ್ ರಾಮೆನ್’ ಇಳಿಸಿತು. ಮುಂಬಯಿ, ದೆಹಲಿಗಳ ಹಾಸ್ಟೆಲುಗಳಲ್ಲಿ ಊಟ ತಪ್ಪಿದ ರಾತ್ರಿ ಕೆಟಲಿನಲ್ಲಿ ನೀರು ಕಾಯಿಸಿದ ನಮ್ಮಲ್ಲಿ ಎಷ್ಟೋ ಮಂದಿಗೆ ರಾಮೆನ್ ಎಂಬ ಶಬ್ದ ಮೊದಲು ಸಿಕ್ಕಿದ್ದು ಆ ಪೊಟ್ಟಣದಲ್ಲಿ. ಮಸಾಲೆ ಅದರಲ್ಲಿ ನಮ್ಮದೇ, ಹಂದಿ ಮೂಳೆಯ ಸುಳಿವಿಲ್ಲ. ಹಿಂಬದಿಯ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಓದಿದ್ದರೆ ಕಾರ್ಖಾನೆಯ ವಿಳಾಸ ಸಿಗುತ್ತಿತ್ತು: ಜಿಗಣಿ, ಆನೇಕಲ್ ತಾಲ್ಲೂಕು.